ಜರ್ಮನಿಯ ರಾಜಕೀಯ ಪಕ್ಷಗಳೂ ನಮ್ಮ ವಲಸೆಗಾರರೂ

ಊರಿಗೆ ಬಂದವಳು ನೀರಿಗೆ ಬಾರದಿರುವಳೇ ಎಂಬ ಗಾದೆಯನ್ನು ನಮ್ಮ ಕಡೆಯವರೆಲ್ಲರೂ ಬಲ್ಲರು. ಹೊಸದಾಗಿ ಬಂದ ಸೊಸೆ ನಾಲ್ಕು ದಿನ ಬಾವಿಯ ಕಟ್ಟೆಗೆ ಹೋಗಿ ಬಂದರೆ ಸಾಕು. ಯಾವ ಮನೆಗೂ ಯಾವ ಮನೆಗೂ ಸ್ನೇಹ, ಯಾರಿಗೂ ಯಾರಿಗೂ ಮನಸ್ತಾಪ, ಪಂಚಾಯಿತಿಯಲ್ಲಿ ಯಾರ ಮಾತು ನಡೆಯುವುದು, ಎಂಬುದೆಲ್ಲ ಅವಳಿಗೆ ತಾನಾಗಿ ತಿಳಿದುಹೋಗುವುದು. ಆದರೆ ಸಮುದ್ರವನ್ನು ದಾಟಿ ಪರದೇಶಕ್ಕೆ ಹೋದವನಿಗೆ ಅಂತಹ ಬಾವಿಯ ಕಟ್ಟೆಯು ದೊರೆಯುವುದು ಕಷ್ಟ. ಭಾಷೆ ಬೇರೆ, ನಡೆನುಡಿ ಬೇರೆ, ರಾಜ್ಯಪದ್ಧತಿ ಬೇರೆ. ಅಂತಹವನಿಗೆ ಉಪಯೋಗವಾಗಬಹುದಾದ ಒಂದು ವಿಷಯವನ್ನು, ಎಂದರೆ ಜರ್ಮನಿ ದೇಶದ ಮುಖ್ಯ ರಾಜಕೀಯ ಪಕ್ಷಗಳ ಸ್ವರೂಪವನ್ನು, ನಾವು ಈ ಹೊತ್ತು ವಿಚಾರಮಾಡೋಣ.

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ, ಈ ನಾಲ್ಕು ಊರುಗಳೂ ಬೆಂಗಳೂರಿಗೆ ನೆರೆಯಲ್ಲಿರುವುವು. ಅಲ್ಲಿ ಓದಿ ಬೆಳೆದ ತರುಣರು ಮೊದಲು ಬೆಂಗಳೂರಿಗೂ, ಬೆಂಗಳೂರಿನಿಂದ ಮುಂದಕ್ಕೆ ಮ್ಯೂನಿಕ್, ಸ್ಟುಟ್‌ಗಾರ್ಟ್, ಬರ್ಲಿನ್ ಮೊದಲಾದ ನಗರಗಳಿಗೂ ವಿದ್ಯೆಗಾಗಿಯೋ ಉದ್ಯೋಗಕ್ಕಾಗಿಯೋ ಹೊರಡುವುದು ಈಗ ಅಪೂರ್ವವಾದ ಸಂಗತಿಯಲ್ಲ. ಶಿಡ್ಲಘಟ್ಟದಲ್ಲಿ ರೇಷ್ಮೆಯ ವ್ಯವಹಾರದಲ್ಲಿರುವ ಒಂದು ಮನೆಯನ್ನು ಊಹಿಸಿಕೊಳ್ಳೋಣ. ಮಗನು ಜರ್ಮನಿಯಲ್ಲಿ ಯಂತ್ರಶಿಲ್ಪಿಯಾಗಿರುವನು. ಅಲ್ಲಿ ಚುನಾವಣೆ ಬಂದಿತೆಂಬ ಸುದ್ದಿಯನ್ನು ಕೇಳಿ ತಂದೆಯು ದೂರವಾಣಿಯಲ್ಲಿ, “ಅಲ್ಲಿ ನಮ್ಮ ಕಡೆಯವರು ಯಾರಪ್ಪ?” ಎಂದು ಕೇಳುವರು. ಮಗನು ಏನು ಹೇಳಬೇಕು? ಬೀದಿಯ ದೀಪದ ಕಂಬಗಳಲ್ಲಿ ಕಪ್ಪು, ಕೆಂಪು, ಹಸುರು, ಹಳದಿ, ನೀಲಿ ಬಣ್ಣದ ಭಿತ್ತಿಪತ್ರಗಳು ತೂಗುತ್ತಿರುವುದನ್ನು ಅವನು ಕಂಡಿರುವನು. ಅವುಗಳ ಅರ್ಥವು ಮಾತ್ರ ಅವನಿಗೆ ತಿಳಿಯದು. ಅವನಿಗೆ ಮತವೂ ಇಲ್ಲ. ಆದರೂ ಅವನು ಅಲ್ಲಿ ಎಷ್ಟು ವರ್ಷ ಇರಬಹುದು, ಹೆಂಡತಿಯನ್ನು ಕರೆಸಿಕೊಳ್ಳುವುದು ಹೇಗೆ, ಮನೆಯ ಬಾಡಿಗೆಗೆ ಮಿತಿಯುಂಟೆ, ಅಲ್ಲಿ ಹುಟ್ಟಿದ ಮಗುವು ಯಾವ ದೇಶದ ಪ್ರಜೆ, ಎಂಬುವೆಲ್ಲವೂ ಆ ಭಿತ್ತಿಪತ್ರಗಳ ಹಿಂದಿರುವ ಪಕ್ಷಗಳಿಂದಲೇ ನಿರ್ಣಯವಾಗತಕ್ಕವು. ಆದುದರಿಂದ ಇದು ಕೇವಲ ಕುತೂಹಲದ ವಿಷಯವಲ್ಲ.

ಪಕ್ಷವೆಂದರೆ ಬರಿಯ ಜಗಳವೆಂದು ಬೇಸರಪಡುವವರು ನಮ್ಮಲ್ಲಿ ಅನೇಕರುಂಟು. ಅಂತಹವರಿಗೆ ನಮ್ಮ ಸೀಮೆಯ ಒಂದು ಘಟನೆಯನ್ನು ನೆನಪಿಗೆ ತಂದುಕೊಡಬೇಕಾಗಿದೆ. ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ೧೯೩೮ನೆಯ ಇಸವಿ ಏಪ್ರಿಲ್ ೨೫ರಂದು ಧ್ವಜವನ್ನು ಹಾರಿಸಲೂ ಸಭೆ ಸೇರಲೂ ಬಂದಿದ್ದ ಜನರ ಮೇಲೆ ಪೋಲೀಸರು ಗುಂಡು ಹಾರಿಸಿದರು. ಪ್ರಾಣ ಕಳೆದುಕೊಂಡವರು ೩೨ ಮಂದಿ ಎಂಬುದು ಜನರ ಲೆಕ್ಕ. ಸರಕಾರದ ಲೆಕ್ಕವು ಅದಕ್ಕಿಂತ ಕಡಮೆ. ಪ್ರಜಾಮಿತ್ರ ಮಂಡಲಿ, ಪ್ರಜಾಪಕ್ಷ ಎಂಬ ಎರಡು ಸಂಘಗಳು ಕೂಡಿ ೧೯೩೪ರಲ್ಲಿ ಪ್ರಜಾಸಂಯುಕ್ತಪಕ್ಷವಾಗಿ, ಅದು ೧೯೩೭ರಲ್ಲಿ ಕಾಂಗ್ರೆಸ್ಸಿನೊಡನೆ ಬೆರೆತ ಮೇಲೆ, ಮೈಸೂರು ಸಂಸ್ಥಾನದ ಪ್ರಜೆಗಳು ಜವಾಬ್ದಾರಿ ಸರಕಾರವನ್ನು ಕೇಳತೊಡಗಿದ್ದ ಕಾಲವದು. ಅದೇ ೧೯೩೮ರಲ್ಲಿ ಜರ್ಮನಿಯ ಸ್ಥಿತಿ ಹೇಗಿತ್ತು? ೧೯೩೩ರ ಜುಲೈ ೧೪ರಂದು ಮಾಡಿದ ಕಾನೂನಿನ ಪ್ರಕಾರ ಅಲ್ಲಿ ನಾತ್ಸಿಗಳದೊಂದೇ ನ್ಯಾಯಸಮ್ಮತವಾದ ಪಕ್ಷ; ಬೇರೆ ಪಕ್ಷವನ್ನು ಕಟ್ಟುವುದೇ ಅಪರಾಧ. ಇಲ್ಲಿ ಪಕ್ಷ ಕಟ್ಟುವ ಹಕ್ಕಿಗಾಗಿ ಜನರು ಎದೆಯೊಡ್ಡುತ್ತಿದ್ದಾಗ ಅಲ್ಲಿ ಆ ಹಕ್ಕು ಹೋಗಿ ಐದು ವರ್ಷಗಳಾಗಿದ್ದುವು. ಇಂದಿನ ಜರ್ಮನಿಯ ಪಕ್ಷಪದ್ಧತಿಯನ್ನು ತಿಳಿಯಬೇಕಾದರೆ ಈ ಹಿನ್ನೆಲೆಯನ್ನು ಮರೆಯಬಾರದು. ಯುದ್ಧವು ಮುಗಿದ ಮೇಲೆ, ೧೯೪೯ರ ಮೇ ೨೩ರಂದು ಪಶ್ಚಿಮ ಜರ್ಮನಿಯಲ್ಲಿ ಜಾರಿಗೆ ಬಂದ ಮೂಲಶಾಸನವು ತನ್ನ ೨೧ನೆಯ ವಿಧಿಯಲ್ಲಿ ಪಕ್ಷಗಳಿಗೆ ಸ್ಪಷ್ಟವಾದ ಸ್ಥಾನವನ್ನು ಕೊಟ್ಟಿತು: ಯಾರೂ ಪಕ್ಷವನ್ನು ಕಟ್ಟಬಹುದು; ಆದರೆ ಅದರ ಒಳಾಡಳಿತವು ಪ್ರಜಾಪ್ರಭುತ್ವದ ನಿಯಮದಂತೆ ನಡೆಯಬೇಕು; ಹಣ ಬಂದ ದಾರಿಯನ್ನು ಲೆಕ್ಕಕೊಟ್ಟು ತಿಳಿಸಬೇಕು; ಪ್ರಜಾಪ್ರಭುತ್ವವನ್ನೇ ಕೆಡಹಲು ಹೊರಟ ಪಕ್ಷವನ್ನು ರಾಜ್ಯಾಂಗ ನ್ಯಾಯಾಲಯವು ನಿಷೇಧಿಸಬಹುದು. ಒಮ್ಮೆ ಕೈಸುಟ್ಟುಕೊಂಡವರ ಎಚ್ಚರಿಕೆ ಇದರಲ್ಲಿ ಕಾಣುವುದು.

ಇನ್ನು ಮತದಾನದ ಕ್ರಮವನ್ನು ನೋಡೋಣ. ನಮ್ಮಲ್ಲಿ ಕ್ಷೇತ್ರದೊಳಗೆ ಯಾರಿಗೆ ಎಲ್ಲರಿಗಿಂತ ಹೆಚ್ಚು ಮತಗಳು ಬಂದುವೋ ಅವರೇ ಗೆದ್ದವರು; ಎರಡನೆಯವರಿಗೆ ಬಂದ ಮತಗಳಿಗೆ ಲೆಕ್ಕವಿಲ್ಲ. ಜರ್ಮನಿಯಲ್ಲಿ ಮತದಾರನಿಗೆ ಒಂದೇ ಹಾಳೆಯಲ್ಲಿ ಎರಡು ಮತಗಳು. ಮೊದಲನೆಯದು ತನ್ನ ಕ್ಷೇತ್ರದ ಅಭ್ಯರ್ಥಿಗೆ, ಎರಡನೆಯದು ಪಕ್ಷಕ್ಕೆ. ಕೇಳುವುದಕ್ಕೆ ಮೊದಲನೆಯದೇ ದೊಡ್ಡದೆಂದು ತೋರಿದರೂ ನಿಜವಾಗಿ ದೊಡ್ಡದು ಎರಡನೆಯದೇ. ಬುಂಡೆಸ್ಟಾಗ್ ಎಂಬ ಅವರ ಲೋಕಸಭೆಯ ೬೩೦ ಸ್ಥಾನಗಳನ್ನು ಈ ಎರಡನೆಯ ಮತದ ಪ್ರಮಾಣದಲ್ಲಿ ಪಕ್ಷಗಳಿಗೆ ಹಂಚಿಕೊಡುವರು. ೨೦೨೩ರ ತಿದ್ದುಪಡಿಯ ತರುವಾಯ ಈ ನಿಯಮವು ಇನ್ನೂ ಬಿಗಿಯಾಯಿತು. ಕ್ಷೇತ್ರದಲ್ಲಿ ಮೊದಲಿಗರಾಗಿ ಬಂದರೂ, ಅವರ ಪಕ್ಷದ ಪಾಲಿನಲ್ಲಿ ಸ್ಥಾನವು ಉಳಿಯದಿದ್ದರೆ, ಅವರಿಗೆ ಸಭೆಯಲ್ಲಿ ಪ್ರವೇಶವಿಲ್ಲ; ೨೦೨೫ರ ಚುನಾವಣೆಯಲ್ಲಿ ೨೩ ಮಂದಿಗೆ ಹೀಗೆಯೇ ಆಯಿತು. ೨೦೨೩ರ ನಮ್ಮ ವಿಧಾನಸಭೆಯ ಚುನಾವಣೆಯಲ್ಲಿ ಗೌರಿಬಿದನೂರಿನವರು ಪಕ್ಷೇತರ ಅಭ್ಯರ್ಥಿಯೊಬ್ಬರನ್ನು ಆರಿಸಿದರು. ಜರ್ಮನಿಯಲ್ಲಾದರೋ ೧೯೪೯ರ ಮೊದಲನೆಯ ಚುನಾವಣೆಯ ಮೇಲೆ ಒಬ್ಬ ಪಕ್ಷೇತರನೂ ಬುಂಡೆಸ್ಟಾಗಿಗೆ ಆರಿಸಿಬಂದಿಲ್ಲ. ಅಲ್ಲಿ ಜನರು ಮುಖಕ್ಕಿಂತ ಹೆಚ್ಚಾಗಿ ಪಕ್ಷದ ಕಾರ್ಯಕ್ರಮಕ್ಕೆ ಮತ ಕೊಡುವರೆಂಬುದಕ್ಕೆ ಇದೇ ಸಾಕ್ಷಿ.

ಇದಕ್ಕೆ ಒಂದು ಕಟ್ಟುಪಾಡುಂಟು. ಎರಡನೆಯ ಮತಗಳಲ್ಲಿ ನೂರಕ್ಕೆ ಐದು ದೊರೆಯದ ಪಕ್ಷಕ್ಕೆ ಪಾಲಿಲ್ಲ. ಮೂರು ಕ್ಷೇತ್ರಗಳಲ್ಲಿ ನೇರವಾಗಿ ಮೊದಲಿಗರಾಗಿ ಬಂದ ಪಕ್ಷಕ್ಕೂ, ಅಲ್ಪಸಂಖ್ಯಾತ ಜನಾಂಗದ ಪಕ್ಷಕ್ಕೂ ಮಾತ್ರ ವಿನಾಯಿತಿ. ಎರಡು ಮಹಾಯುದ್ಧಗಳ ನಡುವಣ ಕಾಲದಲ್ಲಿ ಸಣ್ಣಸಣ್ಣ ಪಕ್ಷಗಳು ಸಭೆಯಲ್ಲಿ ತುಂಬಿ ಯಾವ ಸರಕಾರವೂ ನೆಲೆಯಾಗಿ ನಿಲ್ಲದಂತಾದುದನ್ನು ನೆನೆದು ಈ ಹೊಸ್ತಿಲನ್ನು ಇಟ್ಟರು. ಈ ಹೊಸ್ತಿಲು ಎಷ್ಟು ನಿಷ್ಠುರವಾದುದೆಂಬುದಕ್ಕೆ ೨೦೨೫ರ ಫೆಬ್ರವರಿ ೨೩ರ ಚುನಾವಣೆಯಲ್ಲಿ ಒಂದು ಪಕ್ಷಕ್ಕೆ ಶೇಕಡ ೪.೯೮ ಬಂದು, ಹತ್ತು ಸಾವಿರಕ್ಕೂ ಕಡಮೆ ಮತಗಳ ಅಂತರದಲ್ಲಿ ಅದು ಹೊರಗೇ ಉಳಿದುದು ನಿದರ್ಶನ.

ಈಗ ಪಕ್ಷಗಳನ್ನು ಒಂದೊಂದಾಗಿ ಪರಿಚಯಮಾಡಿಕೊಳ್ಳಬಹುದು. ವಯಸ್ಸಿನಲ್ಲಿ ಹಿರಿಯದು ಎಸ್.ಪಿ.ಡಿ. ಎಂಬ ಸೋಷಿಯಲ್ ಡೆಮೊಕ್ರಾಟಿಕ್ ಪಕ್ಷ. ಅದರ ಬಣ್ಣ ಕೆಂಪು. ಅದು ತನ್ನ ಹುಟ್ಟನ್ನು ೧೮೬೩ರಲ್ಲಿ ಲೈಪ್‌ಜಿಗ್ ನಗರದಲ್ಲಿ ಏರ್ಪಟ್ಟ ಕಾರ್ಮಿಕರ ಸಂಘದಿಂದ ಎಣಿಸುವುದು. ಬಿಸ್ಮಾರ್ಕನ ಕಾಲದಲ್ಲಿ, ೧೮೭೮ರಿಂದ ೧೮೯೦ರವರೆಗೆ, ಅದರ ಸಂಘಗಳಿಗೂ ಪತ್ರಿಕೆಗಳಿಗೂ ನಿಷೇಧವಿತ್ತು. ಹಿಟ್ಲರನಿಗೆ ಸರ್ವಾಧಿಕಾರವನ್ನು ಕೊಡುವ ಮಸೂದೆಯು ೧೯೩೩ರ ಮಾರ್ಚ್ ೨೩ರಂದು ಸಭೆಗೆ ಬಂದಾಗ ಅದಕ್ಕೆ ವಿರುದ್ಧವಾಗಿ ಮತ ಕೊಟ್ಟವರು ಈ ಪಕ್ಷದ ೯೪ ಮಂದಿ ಮಾತ್ರ. ಕಮ್ಯೂನಿಸ್ಟ್ ಸದಸ್ಯರನ್ನು ಆ ವೇಳೆಗೆ ಸಭೆಗೇ ಬಾರದಂತೆ ಮಾಡಲಾಗಿತ್ತು. ಆ ದಿನದ ನೆನಪು ಇಂದಿಗೂ ಪಕ್ಷದವರಿಗೆ ಹೆಮ್ಮೆ. ೧೯೫೯ರಲ್ಲಿ ಬಾಡ್ ಗೋಡೆಸ್‌ಬರ್ಗಿನಲ್ಲಿ ಮಾರ್ಕ್ಸನ ಸಿದ್ಧಾಂತವನ್ನು ಬಿಟ್ಟು, ಕೂಲಿಕಾರರ ಪಕ್ಷವೆಂಬುದಕ್ಕೆ ಬದಲಾಗಿ ಎಲ್ಲ ಜನರ ಪಕ್ಷವಾಗಲು ನಿಶ್ಚಯಿಸಿತು. ಕನಿಷ್ಠ ಕೂಲಿ, ನಿವೃತ್ತಿ ವೇತನ, ಬಾಡಿಗೆದಾರರ ರಕ್ಷಣೆ, ಕಾರ್ಮಿಕ ಸಂಘಗಳ ಹಕ್ಕು, ಇವು ಅದರ ಮುಖ್ಯ ಮಾತುಗಳು. ದೇಶಕ್ಕೆಲ್ಲ ಒಂದೇ ಕನಿಷ್ಠ ಕೂಲಿಯು ೨೦೧೫ರಲ್ಲಿ ಜಾರಿಗೆ ಬಂದುದು ಈ ಪಕ್ಷದ ಒತ್ತಾಯದಿಂದ. ವಿಲ್ಲಿ ಬ್ರಾಂಟ್, ಹೆಲ್ಮುಟ್ ಷ್ಮಿಟ್, ಗೆರ್‌ಹಾರ್ಟ್ ಶ್ರೋಡರ್, ಓಲಾಫ್ ಶೋಲ್ಟ್ಸ್, ಈ ನಾಲ್ವರು ಚಾನ್ಸಲರರು ಈ ಪಕ್ಷದವರು.

ಎರಡನೆಯದು ಸಿ.ಡಿ.ಯು. ಎಂಬ ಕ್ರಿಶ್ಚಿಯನ್ ಡೆಮೊಕ್ರಾಟಿಕ್ ಯೂನಿಯನ್ ಮತ್ತು ಅದರ ಸೋದರಿಯಾದ ಸಿ.ಎಸ್.ಯು.; ಬಣ್ಣ ಕಪ್ಪು. ಯುದ್ಧಕ್ಕೆ ಮುಂಚೆ ಕ್ಯಾಥೊಲಿಕರ ಪಕ್ಷ ಬೇರೆ, ಪ್ರೊಟೆಸ್ಟಂಟರ ಪಕ್ಷಗಳು ಬೇರೆಯಾಗಿದ್ದುವು. ಆ ಒಡಕಿನಿಂದ ಆದ ಅನರ್ಥವನ್ನು ಕಂಡವರು ೧೯೪೫ರಲ್ಲಿ ಇಬ್ಬರನ್ನೂ ಒಂದೇ ಚಾವಣಿಯ ಕೆಳಗೆ ತಂದರು. ಹೆಸರಿನಲ್ಲಿ ಕ್ರಿಶ್ಚಿಯನ್ ಎಂದಿದ್ದರೂ ಬೇರೆ ಮತದವರಿಗೆ ಬಾಗಿಲು ಮುಚ್ಚಿಲ್ಲ. ಸಿ.ಎಸ್.ಯು. ಬವೇರಿಯಾ ಪ್ರಾಂತದಲ್ಲಿ ಮಾತ್ರ ಸ್ಪರ್ಧಿಸುವುದು, ಸಿ.ಡಿ.ಯು. ಉಳಿದ ೧೫ ಪ್ರಾಂತಗಳಲ್ಲಿ. ಬರ್ಲಿನ್ನಿನ ಸಭೆಯಲ್ಲಿ ಎರಡೂ ಒಟ್ಟಿಗೆ ಕುಳಿತುಕೊಳ್ಳುವುವು. ಆದುದರಿಂದ ಮ್ಯೂನಿಕ್ಕಿನಲ್ಲಿರುವ ನಮ್ಮ ತರುಣನು ಮತದ ಹಾಳೆಯಲ್ಲಿ ಸಿ.ಡಿ.ಯು. ಹೆಸರನ್ನು ಹುಡುಕಿದರೆ ಕಾಣಲಾರನು. ಕೊನ್ರಾಟ್ ಆಡೆನೌವರ್, ಹೆಲ್ಮುಟ್ ಕೋಲ್, ಆಂಗೆಲಾ ಮೆರ್ಕೆಲ್, ಇವರು ಬಹುಕಾಲ ಆಳಿದ ಚಾನ್ಸಲರರು. ಉದ್ಯಮಗಳ ಹಿತ, ಕುಟುಂಬ, ಪೋಲೀಸು ಮತ್ತು ಗಡಿಯ ಬಿಗಿ, ಸಾಲಮಾಡದ ಮುಂಗಡಪತ್ರ, ಯೂರೋಪಿನ ಐಕ್ಯ, ಇವು ಅವರ ಹಳೆಯ ಸೂತ್ರಗಳು. ೨೦೨೫ರಲ್ಲಿ ಈ ಜೋಡಿಗೆ ಶೇಕಡ ೨೮.೫ ಮತಗಳೂ ೨೦೮ ಸ್ಥಾನಗಳೂ ಬಂದು, ಆ ವರ್ಷದ ಮೇ ೬ರಂದು ಫ್ರೀಡ್‌ರಿಷ್ ಮೆರ್ತ್ಸ್ ಚಾನ್ಸಲರರಾದರು.

ಮೂರನೆಯದು ಹಸುರು ಪಕ್ಷ. ಅಣುವಿದ್ಯುತ್ತಿಗೂ ಅಣ್ವಸ್ತ್ರಕ್ಕೂ ವಿರೋಧವಾಗಿ ಬೀದಿಗಿಳಿದ ಜನರು ೧೯೮೦ರಲ್ಲಿ ಇದನ್ನು ಕಟ್ಟಿದರು. ೧೯೮೩ರಲ್ಲಿ ಬುಂಡೆಸ್ಟಾಗನ್ನು ಹೊಕ್ಕರು. ಪೂರ್ವ ಜರ್ಮನಿಯ ಪ್ರಜಾಹಕ್ಕಿನ ಹೋರಾಟಗಾರರೊಡನೆ ೧೯೯೩ರಲ್ಲಿ ಕೂಡಿಕೊಂಡರು. ದೇಶದ ಕೊನೆಯ ಅಣುವಿದ್ಯುತ್ ಕೇಂದ್ರಗಳು ೨೦೨೩ರ ಏಪ್ರಿಲ್ ೧೫ರಂದು ಮುಚ್ಚಿಹೋದುವು. ಪರಿಸರದ ಜೊತೆಗೆ ವಲಸೆ ಬಂದವರಿಗೆ ಬೇಗ ಪೌರತ್ವ ದೊರೆಯಬೇಕೆಂಬುದೂ ಇವರ ಮತ. ನಾಲ್ಕನೆಯದು ಎಫ್.ಡಿ.ಪಿ. ಎಂಬ ಉದಾರವಾದಿಗಳ ಪಕ್ಷ. ಬಣ್ಣ ಹಳದಿ, ಹುಟ್ಟಿದುದು ೧೯೪೮ರ ಡಿಸೆಂಬರಿನಲ್ಲಿ. ಕಡಮೆ ತೆರಿಗೆ, ಕಡಮೆ ಕಟ್ಟಳೆ, ವ್ಯಕ್ತಿಸ್ವಾತಂತ್ರ್ಯ ಎಂಬುದು ಇದರ ಮಂತ್ರ. ಗಾತ್ರದಲ್ಲಿ ಚಿಕ್ಕದಾದರೂ ಒಮ್ಮೆ ಕಪ್ಪಿನವರ ಕಡೆಗೂ ಒಮ್ಮೆ ಕೆಂಪಿನವರ ಕಡೆಗೂ ಸೇರಿ ಎಷ್ಟೋ ಸರಕಾರಗಳನ್ನು ಎತ್ತಿಹಿಡಿದ ಪಕ್ಷವಿದು; ೨೦೨೫ರಲ್ಲಿ ಶೇಕಡ ೪.೩ ಮಾತ್ರ ಬಂದು ಹೊಸ್ತಿಲ ಹೊರಗೆ ಉಳಿಯಿತು.

ಐದನೆಯದು ಡೀ ಲಿಂಕೆ, ಎಂದರೆ ಎಡಪಕ್ಷ. ಕಮ್ಯೂನಿಸ್ಟ್ ಪೂರ್ವ ಜರ್ಮನಿಯನ್ನು ಆಳಿದ ಪಕ್ಷದ ಉತ್ತರಾಧಿಕಾರಿಗಳೂ, ಎಸ್.ಪಿ.ಡಿ.ಯನ್ನು ಬಿಟ್ಟುಬಂದ ಪಶ್ಚಿಮದ ಅಸಮಾಧಾನಿಗಳೂ ಕೂಡಿ ೨೦೦೭ರಲ್ಲಿ ಇದನ್ನು ಸ್ಥಾಪಿಸಿದರು. ಬಾಡಿಗೆಗೆ ಮಿತಿ, ಶ್ರೀಮಂತರಿಗೆ ತೆರಿಗೆ ಎಂಬ ಮಾತಿನಿಂದ ೨೦೨೫ರಲ್ಲಿ ಶೇಕಡ ೮.೮ ಮತಗಳನ್ನು ಪಡೆಯಿತು. ಇದರೊಳಗಿಂದ ಸಾರಾ ವಾಗೆನ್‌ಕ್ನೆಶ್ಟ್ ಎಂಬ ಮಹಿಳೆಯು ೨೦೨೪ರಲ್ಲಿ ಸಿಡಿದು ಕಟ್ಟಿದ ಬಿ.ಎಸ್.ಡಬ್ಲ್ಯು. ಪಕ್ಷವೇ ನಾವು ಮೇಲೆ ಹೇಳಿದ, ಹೊಸ್ತಿಲಲ್ಲಿ ಎಡವಿದ ಪಕ್ಷ.

ಆರನೆಯದು ಎ.ಎಫ್.ಡಿ.; ಬಣ್ಣ ನೀಲಿ. ಇದನ್ನು ವಲಸೆಗಾರನು ವಿಶೇಷವಾಗಿ ತಿಳಿಯಬೇಕಾಗಿದೆ. ಯೂರೋ ನಾಣ್ಯದ ವಿರೋಧಕ್ಕಾಗಿ ೨೦೧೩ರಲ್ಲಿ ಹುಟ್ಟಿದ ಈ ಪಕ್ಷವು, ೨೦೧೫ರಲ್ಲಿ ಸಿರಿಯಾ ಮೊದಲಾದ ದೇಶಗಳಿಂದ ನಿರಾಶ್ರಿತರು ತಂಡೋಪತಂಡವಾಗಿ ಬಂದ ಮೇಲೆ, ವಲಸೆಯ ವಿರೋಧವನ್ನೇ ತನ್ನ ಮುಖ್ಯ ಧ್ವನಿಯಾಗಿ ಮಾಡಿಕೊಂಡಿತು. ೨೦೧೭ರಲ್ಲಿ ಶೇಕಡ ೧೨.೬, ೨೦೨೫ರಲ್ಲಿ ಶೇಕಡ ೨೦.೮, ಹೀಗೆ ಬೆಳೆದು ೧೫೨ ಸ್ಥಾನಗಳೊಡನೆ ಸಭೆಯಲ್ಲಿ ಎರಡನೆಯ ದೊಡ್ಡ ಪಕ್ಷವಾಯಿತು. ಹೊರಗಿನಿಂದ ಬಂದವರನ್ನು ಹಿಂದಕ್ಕೆ ಕಳುಹಿಸುವುದನ್ನು ಸೂಚಿಸುವ ಮರುವಲಸೆ ಎಂಬ ಶಬ್ದವನ್ನು ೨೦೨೫ರ ತನ್ನ ಚುನಾವಣಾ ಕಾರ್ಯಕ್ರಮದಲ್ಲಿಯೇ ಸೇರಿಸಿತು. ಮೂಲಶಾಸನದ ರಕ್ಷಣೆಗೆಂದಿರುವ ಸರಕಾರೀ ಇಲಾಖೆಯು ೨೦೨೫ರ ಮೇ ತಿಂಗಳಲ್ಲಿ ಈ ಪಕ್ಷವನ್ನು ಬಲಪಂಥದ ಉಗ್ರವಾದಿ ಎಂದು ವರ್ಗೀಕರಿಸಿತು. ಪಕ್ಷವು ಅದನ್ನು ಒಪ್ಪದೆ ನ್ಯಾಯಾಲಯದ ಮೆಟ್ಟಿಲನ್ನು ಹತ್ತಿತು. ಉಳಿದ ಪಕ್ಷಗಳು ಇದರೊಡನೆ ಸರಕಾರ ಕಟ್ಟುವುದಿಲ್ಲವೆಂದು ಸಾರಿರುವುವು. ಈ ಸಂಕಲ್ಪಕ್ಕೆ ಜರ್ಮನ್ನರು ಬೆಂಕಿತಡೆಯ ಗೋಡೆ ಎಂದು ಹೆಸರಿಟ್ಟಿರುವರು. ೨೦೨೫ರ ಜನವರಿ ೨೯ರಂದು ವಲಸೆಯನ್ನು ಕುರಿತ ಸಿ.ಡಿ.ಯು. ನಿರ್ಣಯವೊಂದು ಎ.ಎಫ್.ಡಿ. ಮತಗಳ ಬೆಂಬಲದಿಂದ ಅಂಗೀಕಾರವಾದಾಗ, ಆ ಗೋಡೆಯಲ್ಲಿ ಬಿರುಕು ಬಿಟ್ಟಿತೆಂದು ಲಕ್ಷಾಂತರ ಜನರು ಬೀದಿಗಿಳಿದರು.

ಈ ಬಣ್ಣಗಳಲ್ಲಿ ಯಾವೊಂದಕ್ಕೂ ಅರ್ಧಕ್ಕಿಂತ ಹೆಚ್ಚು ಮತಗಳು ಬರುವುದು ಅತ್ಯಪೂರ್ವ. ಆದುದರಿಂದ ಕೂಡುಸರಕಾರವೇ ಅಲ್ಲಿಯ ವಾಡಿಕೆ. ಶಿಡ್ಲಘಟ್ಟದವರಿಗೆ ಇದನ್ನು ವಿವರಿಸುವುದು ಸುಲಭ. ಒಂದು ಗೂಡಿನ ಎಳೆಯಿಂದ ನೂಲಾಗುವುದಿಲ್ಲ. ಬಿಸಿನೀರಿನಲ್ಲಿ ಮೆತ್ತಗಾದ ಹಲವು ಗೂಡುಗಳ ಎಳೆಗಳನ್ನು ಕೂಡಿಸಿ ಬಿಚ್ಚಿದಾಗ ಮಾತ್ರ ಮಗ್ಗಕ್ಕೆ ತಾಳುವ ನೂಲು ಬರುವುದು. ನಡುವೆ ಒಂದೆಳೆ ಹರಿದರೆ ಮತ್ತೊಂದನ್ನು ಕೂಡಲೇ ಸೇರಿಸಬೇಕು. ಅಂತೆಯೇ ಚುನಾವಣೆಯ ಮರುದಿನದಿಂದ ಪಕ್ಷಗಳು ವಾರಗಟ್ಟಲೆ ಕುಳಿತು ಮಾತನಾಡಿ, ಮುಂದಿನ ನಾಲ್ಕು ವರ್ಷಗಳಲ್ಲಿ ಏನೇನು ಮಾಡಬೇಕೆಂಬುದನ್ನು ಒಪ್ಪಂದದ ಪತ್ರವಾಗಿ ಬರೆದು ಅಚ್ಚುಹಾಕಿಸುವರು. ೨೦೨೧ರಲ್ಲಿ ಕೆಂಪು, ಹಳದಿ, ಹಸುರು ಕೂಡಿದ ಸರಕಾರಕ್ಕೆ ಬೀದಿಯ ದೀಪದ ಬಣ್ಣಗಳನ್ನು ನೋಡಿ ಸಂಚಾರದೀಪ ಎಂದು ಹೆಸರಾಯಿತು. ೨೦೨೪ರ ನವೆಂಬರ್ ೬ರಂದು ಮುಂಗಡಪತ್ರದ ಜಗಳದಲ್ಲಿ ಅದು ಆರಿಹೋಯಿತು. ೨೦೨೫ರಲ್ಲಿ ಅದರ ಸ್ಥಾನಕ್ಕೆ ಕಪ್ಪು ಮತ್ತು ಕೆಂಪಿನವರ ಸರಕಾರವು ೩೨೮ ಸ್ಥಾನಗಳೊಡನೆ ಬಂದಿತು.

ಚಾನ್ಸಲರನನ್ನು ಕೆಳಗಿಳಿಸುವುದಕ್ಕೂ ಅಲ್ಲಿ ಒಂದು ವಿಚಿತ್ರವಾದ ಕಟ್ಟಳೆಯುಂಟು. ಬೇಡವೆಂದು ಹೇಳಿದರೆ ಸಾಲದು. ಯಾರು ಬೇಕೆಂಬುದನ್ನೂ ಅದೇ ಉಸಿರಿನಲ್ಲಿ ಹೇಳಿ ಹೆಚ್ಚು ಮತಗಳಿಂದ ಆರಿಸಬೇಕು. ಇದು ಸಫಲವಾದುದು ೧೯೮೨ರಲ್ಲಿ ಒಂದೇ ಸಲ. ನಮ್ಮಲ್ಲಿ ೨೦೧೯ರಲ್ಲಿ ಶಾಸಕರ ರಾಜೀನಾಮೆಗಳಿಂದ ಕೂಡುಸರಕಾರವೊಂದು ಉರುಳಿ, ಆ ವರ್ಷದ ಡಿಸೆಂಬರಿನಲ್ಲಿ ಚಿಕ್ಕಬಳ್ಳಾಪುರವೂ ಸೇರಿ ಹಲವು ಕ್ಷೇತ್ರಗಳಲ್ಲಿ ಉಪಚುನಾವಣೆ ನಡೆದುದನ್ನು ಕಂಡವರಿಗೆ ಈ ಕಟ್ಟಳೆಯ ಬೆಲೆ ತಿಳಿದೀತು.

ಇನ್ನು ತಂದೆಯವರ ಪ್ರಶ್ನೆಗೆ ಬರೋಣ: ನಮ್ಮ ಕಡೆಯವರು ಯಾರು? ಇದಕ್ಕೆ ಚರಿತ್ರೆಯು ಕೊಡುವ ಉತ್ತರವು ಒಂದೇ ಬಣ್ಣದ್ದಲ್ಲ. ಗಣಕಯಂತ್ರದ ತಜ್ಞರನ್ನು ಹೊರದೇಶಗಳಿಂದ ಬರಮಾಡಿಕೊಳ್ಳಲು ೨೦೦೦ನೆಯ ಇಸವಿಯ ಆಗಸ್ಟಿನಲ್ಲಿ ಹಸುರು ಚೀಟಿಯ ಯೋಜನೆಯನ್ನು ತಂದುದು ಕೆಂಪು ಮತ್ತು ಹಸುರಿನವರ ಸರಕಾರ. ಅದರ ಮಿತಿ ೨೦,೦೦೦ ಜನರು, ಅವಧಿ ಐದು ವರ್ಷ. ಆ ವರ್ಷವೇ ಒಂದು ಪ್ರಾಂತದ ಚುನಾವಣೆಯಲ್ಲಿ ಸಿ.ಡಿ.ಯು. ಮುಂದಾಳು ಯುರ್ಗೆನ್ ರ್ಯೂಟ್ಗರ್ಸರ ಪ್ರಚಾರಕ್ಕೆ, ಭಾರತೀಯರು ಬೇಡ, ನಮ್ಮ ಮಕ್ಕಳು ಸಾಕು ಎಂಬರ್ಥದ ಪ್ರಾಸದ ಘೋಷಣೆಯೊಂದು ಅಂಟಿಕೊಂಡಿತು. ಆ ಚುನಾವಣೆಯಲ್ಲಿ ಅವರು ಗೆಲ್ಲಲಿಲ್ಲ. ಆದರೆ ಅದೇ ಸಿ.ಡಿ.ಯು. ಪಕ್ಷವು ಎಫ್.ಡಿ.ಪಿ.ಯೊಡನೆ ಆಳುತ್ತಿದ್ದಾಗ, ೨೦೧೨ರಲ್ಲಿ, ನಮ್ಮ ಯಂತ್ರಶಿಲ್ಪಿಗಳಲ್ಲಿ ಅನೇಕರು ಇಂದು ಹಿಡಿದಿರುವ ನೀಲಿ ಚೀಟಿಯು ಜಾರಿಗೆ ಬಂದಿತು. ಕುಶಲಕರ್ಮಿಗಳ ವಲಸೆಯ ಕಾನೂನು ೨೦೨೦ರಲ್ಲಿ ಬಂದುದು ಕಪ್ಪು ಮತ್ತು ಕೆಂಪಿನವರಿಂದ. ಸಂಚಾರದೀಪದ ಸರಕಾರವು ೨೦೨೪ರ ಅಕ್ಟೋಬರಿನಲ್ಲಿ ಕುಶಲರಾದ ಭಾರತೀಯರಿಗೆ ಕೊಡುವ ವೀಸಾಗಳ ಸಂಖ್ಯೆಯನ್ನು ವರ್ಷಕ್ಕೆ ೨೦,೦೦೦ದಿಂದ ೯೦,೦೦೦ಕ್ಕೆ ಏರಿಸುವುದಾಗಿ ಪ್ರಕಟಿಸಿತು. ಆದುದರಿಂದ ವಿವೇಕಿಯಾದ ವಲಸೆಗಾರನು ಯಾವ ಪಕ್ಷವು ನಮ್ಮದೆಂದು ಕೇಳುವುದಕ್ಕಿಂತ, ಯಾವ ಪಕ್ಷವು ಯಾವ ಕಾನೂನನ್ನು ಏತಕ್ಕಾಗಿ ತಂದಿತೆಂದು ಕೇಳುವುದು ಮೇಲು.

ಮತವಿಲ್ಲದವನು ಮಾಡತಕ್ಕದ್ದೇನು? ಯೂರೋಪಿನ ಒಕ್ಕೂಟದ ದೇಶಗಳಿಂದ ಬಂದವರು ಅಲ್ಲಿಯ ನಗರಸಭೆಯ ಚುನಾವಣೆಯಲ್ಲಿ ಮತ ಕೊಡಬಹುದು. ಭಾರತದ ಪ್ರಜೆಗೆ ಅದೂ ಇಲ್ಲ. ಆದರೆ ಕೈಕಟ್ಟಿ ಕುಳಿತಿರಬೇಕಾಗಿಲ್ಲ. ಸಭೆ ಸೇರಲೂ ಅಭಿಪ್ರಾಯವನ್ನು ಹೇಳಲೂ ಅವಕಾಶವುಂಟು. ಎಷ್ಟೋ ನಗರಗಳಲ್ಲಿ ವಿದೇಶೀಯರೇ ಆರಿಸುವ ಸಲಹಾಮಂಡಲಿಗಳಿರುವುವು. ಪಕ್ಷದ ಸದಸ್ಯರಾಗುವುದಕ್ಕೂ ಅಡ್ಡಿಯಿಲ್ಲ. ಪಕ್ಷದಲ್ಲಿ ವಿದೇಶೀಯರೇ ಬಹುಸಂಖ್ಯಾತರಾಗಬಾರದೆಂದು ಕಾನೂನು ಹೇಳುವುದು, ಉಳಿದ ನಿಬಂಧನೆಗಳು ಪಕ್ಷದಿಂದ ಪಕ್ಷಕ್ಕೆ ಬೇರೆ. ಎಸ್.ಪಿ.ಡಿ. ಪಕ್ಷವು ೨೦೧೮ರಲ್ಲಿಯೂ ೨೦೨೫ರಲ್ಲಿಯೂ ಕೂಡುಸರಕಾರಕ್ಕೆ ಸೇರಬೇಕೇ ಬೇಡವೇ ಎಂಬುದನ್ನು ತನ್ನ ಸದಸ್ಯರ ಮತಕ್ಕೆ ಬಿಟ್ಟಿತೆಂಬುದನ್ನು ನೆನೆದರೆ, ಸದಸ್ಯತ್ವವು ಹೆಸರಿಗೆ ಮಾತ್ರವಲ್ಲವೆಂದು ತಿಳಿಯುವುದು. ಪಕ್ಷಗಳ ನಿಲುವನ್ನು ಅರಿಯಲು ವಾಲ್-ಓ-ಮಾಟ್ ಎಂಬ ಸಾಧನವನ್ನು ಸರಕಾರದ ರಾಜಕೀಯ ಶಿಕ್ಷಣ ಸಂಸ್ಥೆಯು ೨೦೦೨ರಿಂದ ನಡೆಸುತ್ತಿದೆ. ಅದರಲ್ಲಿ ೩೮ ಹೇಳಿಕೆಗಳಿಗೆ ಹೌದು, ಅಲ್ಲ, ತಟಸ್ಥ ಎಂದು ಉತ್ತರಕೊಟ್ಟರೆ ನಮ್ಮ ಅಭಿಪ್ರಾಯವು ಯಾವ ಪಕ್ಷಕ್ಕೆ ಎಷ್ಟು ಹತ್ತಿರವೆಂದು ತೋರಿಸುವುದು.

ಪೂರ್ಣವಾದ ಮತವು ದೊರೆಯುವುದು ಪೌರತ್ವದಿಂದ ಮಾತ್ರ. ೨೦೨೪ರ ಜೂನ್ ೨೭ರಿಂದ ಜಾರಿಯಲ್ಲಿರುವ ಕಾನೂನಿನಂತೆ ಐದು ವರ್ಷಗಳ ವಾಸ, ಭಾಷಾಜ್ಞಾನ, ಸ್ವಂತ ಸಂಪಾದನೆ ಇದ್ದವರು ಅದನ್ನು ಬೇಡಬಹುದು. ೩೩ ಪ್ರಶ್ನೆಗಳ ಪರೀಕ್ಷೆಯಲ್ಲಿ ೧೭ಕ್ಕೆ ಸರಿಯುತ್ತರ ಕೊಡಬೇಕು. ವಿಶೇಷ ಯೋಗ್ಯತೆಯುಳ್ಳವರಿಗೆ ಮೂರೇ ವರ್ಷಗಳಲ್ಲಿ ಕೊಡುವ ಏರ್ಪಾಡು ಆಗ ಬಂದು, ಹೊಸ ಸರಕಾರದ ಕಾಲದಲ್ಲಿ, ೨೦೨೫ರಲ್ಲಿಯೇ, ರದ್ದಾಯಿತು. ಚುನಾವಣೆಯಲ್ಲಿ ಬಣ್ಣ ಬದಲಾದರೆ ವಲಸೆಗಾರನ ಲೆಕ್ಕಾಚಾರವೂ ಬದಲಾಗುವುದೆಂಬುದಕ್ಕೆ ಇದಕ್ಕಿಂತ ನೇರವಾದ ಉದಾಹರಣೆ ಬೇಡ.

ಇಲ್ಲಿಯೇ ಮನಸ್ಸನ್ನು ಕಲಕುವ ಸಂಗತಿಯೂ ಇರುವುದು. ಜರ್ಮನಿಯು ಈಗ ಎರಡು ಪೌರತ್ವಗಳನ್ನು ಸಹಿಸುವುದು. ನಮ್ಮ ದೇಶವು ಸಹಿಸುವುದಿಲ್ಲ. ನಮ್ಮ ರಾಜ್ಯಾಂಗದ ೯ನೆಯ ವಿಧಿಯೂ ೧೯೫೫ರ ಪೌರತ್ವದ ಕಾನೂನೂ ಹೇಳುವಂತೆ, ಇಚ್ಛಾಪೂರ್ವಕವಾಗಿ ಬೇರೆ ದೇಶದ ಪ್ರಜೆಯಾದವನು ಭಾರತದ ಪ್ರಜೆಯಾಗಿ ಉಳಿಯಲಾರನು. ಸಾಗರೋತ್ತರ ಭಾರತೀಯ ಪೌರ ಎಂಬ ಚೀಟಿಯು ಬಂದುಹೋಗುವುದಕ್ಕೂ ನೆಲಸುವುದಕ್ಕೂ ಅನುಕೂಲ. ಅದರಲ್ಲಿ ಮತದ ಹಕ್ಕಿಲ್ಲ. ಭಾರತದ ಪ್ರಜೆಯಾಗಿಯೇ ಉಳಿದವನಿಗಾದರೆ, ೨೦೧೦ರ ತಿದ್ದುಪಡಿಯ ಮೇಲೆ, ಪರದೇಶದಲ್ಲಿದ್ದರೂ ತನ್ನ ಊರಿನ ಮತದಾರರ ಪಟ್ಟಿಯಲ್ಲಿ ಹೆಸರಿರಬಹುದು. ಆದರೆ ಮತ ಕೊಡಲು ರಹದಾರಿ ಪತ್ರವನ್ನು ಹಿಡಿದು ತಾನೇ ಬರಬೇಕು. ಹೀಗೆ ನಮ್ಮ ತರುಣನು ಶಿಡ್ಲಘಟ್ಟದ ಮತಗಟ್ಟೆ, ಸ್ಟುಟ್‌ಗಾರ್ಟಿನ ಮತಗಟ್ಟೆ, ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕಾಗಿದೆ. ಈ ಆಯ್ಕೆಯನ್ನು ಯಾರೂ ಅವನಿಗಾಗಿ ಮಾಡಲಾರರು. ನಾವೂ ಉಪದೇಶಮಾಡಲು ಹೊರಟಿಲ್ಲ. ತಿಳಿದು ಮಾಡಲಿ ಎಂಬಷ್ಟೇ ನಮ್ಮ ಆಶಯ.

ಕನ್ನಡವನ್ನೂ ತೆಲುಗನ್ನೂ ಒಂದೇ ಜಗಲಿಯ ಮೇಲೆ ಕುಳಿತು ಆಡುವ ಸೀಮೆಯಿಂದ ಹೋದವನಿಗೆ ಮೂರನೆಯ ಭಾಷೆಯೂ ಮೂರನೆಯ ಬಗೆಯ ನಡೆನುಡಿಯೂ ಅಸಾಧ್ಯವೆನಿಸಬಾರದು. ಅಲ್ಲಿಯ ವೃತ್ತಪತ್ರಿಕೆಯನ್ನು ದಿನಕ್ಕೊಂದು ಕಾಲಂ ಓದಲಿ, ನೆರೆಯವರೊಡನೆ ಮಾತನಾಡಲಿ, ಕೂಡುಸರಕಾರದ ಒಪ್ಪಂದ ಪತ್ರದಲ್ಲಿ ತನಗೆ ಸಂಬಂಧಿಸಿದ ಭಾಗವನ್ನಾದರೂ ನೋಡಲಿ. ಮುಂದಿನ ಸಲ ತಂದೆಯು ದೂರವಾಣಿಯಲ್ಲಿ “ನಮ್ಮ ಕಡೆಯವರು ಯಾರಪ್ಪ?” ಎಂದು ಕೇಳಿದಾಗ, “ಅಪ್ಪಾ, ಯಾರು ಏನು ಮಾಡಿದರೆಂಬುದನ್ನು ಹೇಳುತ್ತೇನೆ, ಕೇಳಿ” ಎಂದು ಅವನು ಹೇಳಬಲ್ಲವನಾದರೆ, ಆ ಊರಿನ ಬಾವಿಯ ಕಟ್ಟೆಯ ದಾರಿ ಅವನಿಗೆ ಸಿಕ್ಕಿತೆಂದೇ ನಾವು ತಿಳಿಯಬಹುದು. ವಿದುರಾಶ್ವತ್ಥದಲ್ಲಿ ಬಿದ್ದವರು ಕೇಳಿದುದೂ ಇಷ್ಟೇ: ತಮ್ಮನ್ನು ಆಳುವವರು ಯಾರು, ಏತಕ್ಕಾಗಿ ಆಳುವರು ಎಂಬುದನ್ನು ತಿಳಿಯುವ, ಆ ವಿಷಯವಾಗಿ ಬಾಯಿಬಿಟ್ಟು ಮಾತನಾಡುವ ಹಕ್ಕು. ಆ ಊರಿನ ಮಕ್ಕಳು ಎಲ್ಲಿಗೆ ಹೋದರೂ ಅದನ್ನು ಮರೆಯದಿರಲಿ.